ಗುರಿಗೆಕಾಯಿ

ಶಾಲೆಯ ತಪಾಸಣೆಗೆ ಬಂದಿದ್ದ ಪರಮೇಶ್ ಕೆಂಪು ಪೆನ್ನಿನಲ್ಲಿ ಭೂಮಿಕಾಳ ಹೆಸರಿನ ಮುಂದೆ ‘ಓದಲು ಬಾರದು’ ಎಂದು ಬರೆದರು. ಹುಡುಗಿ ದೀಪಸ್ತಂಭದ ಪಾಠವನ್ನು ತಡವರಿಸದೆ ಓದಿದ್ದಳು. ಅದರಿಂದ ಹಡಗಿಗೇನು ಉಪಯೋಗ ಎಂದು ಕೇಳಿದಾಗ ಮಾತ್ರ ಬಾಯಿ ಬಿಡಲಿಲ್ಲ.

“ಚಿತ್ರ, ವಿಜ್ಞಾನ ಎಲ್ಲಾ ನಿಲ್ಸಿ ಮೇಡಂ. ಬರೀ ಓದ್ಸಿ.”

“ಹಡಗು ಅಂದ್ರೆ ಎಂತದು ಅಂತ ಹೇಳೋ ಪಿರಿಯಡ್ಡೇ ಕಿತ್ಕೊಂಡ್ರೆ, ಓದಿದ್ದು ಹೆಂಗ್ ಅರ್ಥ ಆಗ್ಬೇಕು ಸರ್?” ಆಶಾ ಟೀಚರ್ ಭೂಮಿಕಾಳ ಚಿತ್ರದ ಪುಸ್ತಕವನ್ನು ಮೇಜಿನ ಮೇಲೆ ಬಡಿದಳು. “ಚಿತ್ರದ ಕೆಳಗೆ ಅವ್ಳು ಬರ್ದಿದ್ದನ್ನ ಓದಿ.”

“ಗೋಡೆ ಮೇಲೆ ಹಸೆ ಬರೆಯಲು ಅಮ್ಮ ಗುರಿಗೆಕಾಯಿ ನೆನೆಸಿದಳು,” ಪರಮೇಶ್ ಸಲೀಸಾಗಿ ಓದಿದರು.

“ಗುರಿಗೆಕಾಯಿ ಯಾಕೆ ಸರ್?”

ಪರಮೇಶ್ ಅದೇ ಸಾಲನ್ನು ಮತ್ತೆ ಓದಿದರು. ಮತ್ತೊಮ್ಮೆ ಓದಿದರು.

“ಹಳದಿ ಬಣ್ಣಕ್ಕೆ ಸರ್,” ಎಂದಳು ಭೂಮಿಕಾ.

ಪರಮೇಶ್ ಕೈಯಿಂದ ಆಶಾ ಕೆಂಪು ಪೆನ್ನು ಕಸಿದುಕೊಂಡಳು. “ನಿಮ್ಮ ಹೆಸರಿನ ಮುಂದೆ ಎಂತ ಬರೀಲಿ ಸರ್?”