ಹೊಸಬರ ಹೊಟ್ಟೆ

ಬೆಳಿಗ್ಗೆ ಜಯದೇವಿ ಹಿತ್ತಿಲ ಬಾಗಿಲು ತೆಗೆದಾಗ ಕೆಂಚ ಬಾಲ ಆಡಿಸಲಿಲ್ಲ. ಗೋಣಿಚೀಲದ ಮೇಲೆ ಮುದುಡಿಕೊಂಡು ಬಿದ್ದಿತ್ತು. ಸುತ್ತ ವಾಂತಿ, ಭೇದಿ. ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಆಶ್ರಯದಿಂದ ಅವಳ ಗಂಡ ಮರುಳಸಿದ್ದಪ್ಪ ಆ ನಾಯಿಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ಸೈಕಲ್ಲಿನಲ್ಲಿ ತಂದು ಇನ್ನೂ ವಾರ ತುಂಬಿರಲಿಲ್ಲ.

"ಹೊಸ ನೀರು, ಹಿಡಿದಿಲ್ಲ," ಎಂದರು ಅತ್ತೆ ಸಿದ್ದಗಂಗಮ್ಮ, ಅಡುಗೆಮನೆಯ ಹೊಸ್ತಿಲಿನಿಂದಲೇ. "ನೀನು ಮದ್ವೆಯಾಗಿ ಬಂದಾಗ ನಿಂಗೂ ಹಿಡಿದಿರ್ಲಿಲ್ವಲ್ಲ. ಚೊಂಬು ಹಿಡ್ಕೊಂಡು ಓಡಿದ್ದೇ ಓಡಿದ್ದು!" ಆಮೇಲೆ ದನಿ ತಗ್ಗಿಸಿದರು. "ಇಲ್ಲಾಂದ್ರೆ ಆ ಹಾಲಿನವಳದ್ದೇ ಏನೋ ಕೈವಾಡ. ಮೊನ್ನೆ ಇದು ಅವಳ ಕೋಳಿನ ಅಟ್ಟಿಸ್ಕೊಂಡು ಹೋಗಿತ್ತಲ್ಲ."

ಮರುಳಸಿದ್ದಪ್ಪ ಸೈಕಲ್ ಹೊರಗೆ ತಳ್ಳುತ್ತಾ ಮರಿಯನ್ನು ನೋಡಿದ. "ಸಂಜೆ ನಾನು ಬರೋದ್ರೊಳಗೆ ಎದ್ದು ನಿಂತಿರ್ಬೇಕು. ಇಲ್ಲಾಂದ್ರೆ ವಾಪಸ್ ಬಿಟ್ಟು ಬರ್ತೀನಿ. ಅಂಟುಜಾಡ್ಯ ಇದ್ರೆ ಏನು ಗತಿ?"

ವಾಪಸ್ ಹೋದ ಕಾಯಿಲೆ ಮರಿಗೆ ಅಲ್ಲಿ ಏನಾಗುತ್ತದೆಂದು ಜಯದೇವಿಗೆ ಗೊತ್ತಿತ್ತು. ಒಂದು ಸೂಜಿ, ಅಷ್ಟೆ. ತಂದ ದಿನ ಅವನೇ ಹೇಳಿದ್ದ.

ಪಕ್ಕದ ಬೈರಸಂದ್ರದಿಂದ ಹಾಲಿನವಳು ಮುನಿಲಕ್ಷ್ಮಮ್ಮ ಬಂದಾಗ ಜಯದೇವಿ ಅವಳ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ಮುನಿಲಕ್ಷ್ಮಮ್ಮ ಹಾಲಿನ ಪಾತ್ರೆ ಕೆಳಗಿಟ್ಟು, "ಅಯ್ಯೋ ಕೂಸೇ, ಏನಾಯ್ತೋ ನಿಂಗೆ?" ಎಂದು ಬಗ್ಗಿದಳು. ಜಯದೇವಿ ಅಡ್ಡ ಬಂದು ನಿಂತಳು.

"ಮುಟ್ಟಬೇಡಿ."

"ಯಾಕವ್ವಾ ಹಂಗೆ ದುರುಗುಟ್ಕೊಂಡು ನೋಡ್ತೀಯಾ? ನಿನ್ ನಾಯಿನ ನಾನೇನು ಸೆರಗಲ್ಲಿ ಕಟ್ಕೊಂಡು ಹೋಗ್ತೀನಾ?" ಮುನಿಲಕ್ಷ್ಮಮ್ಮ ಹಾಲು ಅಳೆದು ಎದ್ದಳು. "ಇವತ್ತು ಅದಕ್ಕೆ ಹಾಲು ಹಾಕ್ಬ್ಯಾಡ. ಕಾಸಿ ಆರ್ಸಿದ್ ನೀರಿಗೆ ಒಂಚೂರು ಉಪ್ಪು, ಒಂಚೂರು ಸಕ್ರೆ ಹಾಕಿ ಚಮಚದಲ್ಲಿ ಕುಡ್ಸು. ಒಣಗೋಗೈತೆ ಪಾಪ."

ಜಯದೇವಿ ಕುಡಿಸಲಿಲ್ಲ. ವಿಷ ಹಾಕಿದವಳೇ ಮದ್ದು ಹೇಳಿದರೆ ನಂಬುವುದು ಹೇಗೆ? ಹಾಲನ್ನು ಮೂಸಿದಳು. ಬೇಲಿಯ ಪಕ್ಕದಲ್ಲಿ ಏನಾದರೂ ಬಿದ್ದಿದೆಯೇ ಎಂದು ಹುಡುಕಿದಳು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಕೆಂಚ ಮತ್ತೊಮ್ಮೆ ವಾಂತಿ ಮಾಡಿಕೊಂಡು ಕಣ್ಣು ಮುಚ್ಚಿತು.

ಮಧ್ಯಾಹ್ನ ಅದರ ಬಾಯಿ ಒರೆಸುವಾಗ ಗದ್ದದ ಕೆಳಗಿನ ಕೂದಲು ಅಂಟಂಟಾಗಿ ಕೈಗೆ ಹತ್ತಿತು. ಬೆರಳನ್ನು ಮೂಗಿನ ಹತ್ತಿರ ತಂದಳು. ಹರಳೆಣ್ಣೆ.

ಹರಳೆಣ್ಣೆಯ ಸೀಸೆ ಇದ್ದದ್ದು ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ. ಹಾಲಿನವಳು ಅಡುಗೆಮನೆಯ ಒಳಗೆ ಕಾಲಿಟ್ಟವಳೇ ಅಲ್ಲ.

"ಅತ್ತೆ, ಬಟ್ಟೆ ಒಗೆದು ಬರ್ತೀನಿ," ಎಂದು ಕೂಗಿ ಹೇಳಿ ಜಯದೇವಿ ಬಚ್ಚಲುಮನೆಯ ಬಾಗಿಲ ಮರೆಯಲ್ಲಿ ನಿಂತಳು. ಬಟ್ಟೆ ನೆನೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸಿದ್ದಗಂಗಮ್ಮ ಬಂದರು. ಮರಿಯ ನೆರಳು ಸೋಕಿದರೂ ಕಾಲು ತೊಳೆಯುತ್ತಿದ್ದವರು ಸೆರಗು ಬಿಗಿದು ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಆ ಕಡೆ ಈ ಕಡೆ ನೋಡಿದರು. ಒಂದು ಕೈಯಲ್ಲಿ ಅದರ ದವಡೆ ಅದುಮಿ, ಇನ್ನೊಂದು ಕೈಯ ಚಮಚವನ್ನು ಬಾಯಿಗೆ ತಂದರು.

"ಅತ್ತೇ!"

ಎಣ್ಣೆ ಗೋಣಿಯ ಮೇಲೆ ಚೆಲ್ಲಿತು. ಸಿದ್ದಗಂಗಮ್ಮ ಬೆಚ್ಚಿದರು, ಆದರೆ ನಾಚಲಿಲ್ಲ. "ಏನೇ ಹಾಗೆ ಕಿರುಚ್ತೀಯಾ, ಕಳ್ಳೀನ ಹಿಡಿದವಳ ಥರ? ಎಲ್ಲೆಲ್ಲಿ ಯಾರ ಎಂಜಲು, ಎಂಥ ಮಾಂಸ ತಿಂದು ಬಂದಿದೆಯೋ! ಹೊಸಬರು ಯಾರೇ ಬರ್ಲಿ, ನಮ್ಮನೆ ಅನ್ನ ಒಳಗೆ ಹೋಗೋ ಮೊದ್ಲು ಹೊಟ್ಟೆ ತೊಳೀಬೇಕು."

"ಅದು ಸಾಯುತ್ತೆ ಅತ್ತೆ."

"ಸಾಯುತ್ತಂತೆ! ನೀನು ಸತ್ತೋದ್ಯಾ?"

ಜಯದೇವಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. "ನಾನಾ?"

"ಮತ್ತೆ? ನಿಮ್ಮಪ್ಪನ ಮನೆ ಮಿಲಿಟರಿ ಹೋಟ್ಲಿನ ಗೋಡೆಗೆ ಅಂಟ್ಕೊಂಡಿತ್ತು. ನಿನ್ನ ಹೊಟ್ಟೆಗೆ ಏನೇನು ಹೋಗಿತ್ತೋ, ನಾನೇನು ಇಣುಕಿ ನೋಡಿದ್ನಾ? ಆಮೇಲೆ ಎಲ್ಲ ಸರಿಹೋಯ್ತು. ಇವತ್ತಿನವರೆಗೂ ಯಾರ ಹತ್ರಾನೂ ನಾನು ಬಾಯಿಬಿಟ್ಟಿಲ್ಲ ನೋಡು."

ಬಂದ ಹೊಸದರಲ್ಲಿ ಅತ್ತೆಯೇ ಬೆರೆಸಿ ಕೊಡುತ್ತಿದ್ದ ಕಾಫಿ ಜಯದೇವಿಗೆ ನೆನಪಾಯಿತು. ಮೇಲೆ ಜಿಡ್ಡು ಮಿನುಗುತ್ತಿತ್ತು. ಈ ಮನೆಯ ಹಾಲಿನಲ್ಲಿ ಕೆನೆ ಜಾಸ್ತಿ ಎಂದುಕೊಂಡು, ಹೊಸ ಸೊಸೆ ಕೇಳುವುದು ಹೇಗೆಂದು ಸುಮ್ಮನೆ ಕುಡಿದಿದ್ದಳು.

ಅವಳು ಅತ್ತೆಯ ಕೈಯಿಂದ ಚಮಚ ತೆಗೆದುಕೊಂಡು ಬೂದಿ ಹಾಕಿ ಉಜ್ಜಿದಳು. ನೀರು ಕಾಸಿ ಆರಿಸಿ, ಒಂಚೂರು ಉಪ್ಪು, ಒಂಚೂರು ಸಕ್ಕರೆ ಹಾಕಿ ಕೆಂಚನ ಬಾಯಿಗೆ ಬಿಟ್ಟಳು. ಮೊದಲು ಅದು ಚಮಚ ಕಂಡೊಡನೆ ಮುಖ ತಿರುಗಿಸಿತು. ಅವಳು ಕಾದಳು. ಸಂಜೆ ಸೈಕಲ್ಲಿನ ಗಂಟೆ ಕೇಳುವ ಹೊತ್ತಿಗೆ ಕೆಂಚ ನಡುಗುವ ಕಾಲುಗಳ ಮೇಲೆ ನಿಂತಿತ್ತು.

"ಪರ್ವಾಗಿಲ್ವೇ, ಎದ್ದಿದೆ!" ಎಂದ ಮರುಳಸಿದ್ದಪ್ಪ. "ಏನಾಗಿತ್ತಂತೆ?"

"ನೀರು ಹಿಡಿದಿರ್ಲಿಲ್ಲ," ಎಂದರು ಸಿದ್ದಗಂಗಮ್ಮ, ಕಾಫಿ ತಂದಿಡುತ್ತಾ.

ಜಯದೇವಿ ಕೆಂಚನನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದಳು. ಲೋಟವನ್ನು ಬೆಳಕಿಗೆ ಓರೆ ಮಾಡಿ ನೋಡಿದಳು. ಬರೀ ನೊರೆ. ಆದರೂ ಮೂಸಿದಳು. ಕೆಂಚನೂ ಕತ್ತು ಚಾಚಿ ಮೂಸಿತು.

"ಏನೇ ಅದು, ಇಬ್ರೂ ಕಾಫಿ ಮೂಸೋದು?" ಎಂದು ಮರುಳಸಿದ್ದಪ್ಪ ನಕ್ಕ.

ಸಿದ್ದಗಂಗಮ್ಮ ನಗಲಿಲ್ಲ. ಸೊಸೆಯ ಮುಂದಿದ್ದ ಲೋಟವನ್ನು ತಾವೆತ್ತಿಕೊಂಡು, ತಮ್ಮ ಲೋಟವನ್ನು ಅವಳ ಕಡೆಗೆ ಸರಿಸಿದರು.

ಜಯದೇವಿ ಅದನ್ನೂ ಮೂಸಿದಳು.