ಶಾಲೆ ನೋಡುವ ಶಾಸ್ತ್ರ

ಮೂವರು ಹೊರಟರೆ ಹೋದ ಕೆಲಸ ಕೆಡುತ್ತದೆ ಎಂದು ಹೇಳಿ ಚನ್ನಬಸಮ್ಮ ನಾಲ್ಕನೆಯವಳಾಗಿ ಜೀಪು ಹತ್ತಿಯೇಬಿಟ್ಟಳು. ಮಗ ನಾಗಾರ್ಜುನ, ಸೊಸೆ ಕುಸುಮಾ, ಒಂದನೇ ತರಗತಿಗೆ ಸೇರಬೇಕಾದ ಮೊಮ್ಮಗಳು ತುಳಸಿ, ಇವರಷ್ಟೇ ಹೊಸ ಶಾಲೆ ನೋಡಿಕೊಂಡು ಬರುವುದೆಂದು ನಿಶ್ಚಯವಾಗಿತ್ತು. ಕೆಲಸ ಕೆಡಬಾರದೆಂಬ ಕಾಳಜಿ ಮುದುಕಿಗೇನೂ ಇರಲಿಲ್ಲ. ಕೆಡಿಸುವುದಕ್ಕೇ ಅವಳು ಹೊರಟದ್ದು.

ಕೊಡ್ಲಿಪೇಟೆಯ ಹೊರಗೆ, ಮೊನ್ನೆಮೊನ್ನೆಯವರೆಗೆ ಕಾಫಿ ಒಣಹಾಕುತ್ತಿದ್ದ ಕಣದಲ್ಲಿ ಎದ್ದಿದ್ದ ಖಾಸಗಿ ಶಾಲೆ ಅದು. ಬೆಳಿಗ್ಗೆ ಕನ್ನಡದಲ್ಲಿ ಪಾಠ, ಮಧ್ಯಾಹ್ನ ಇಂಗ್ಲಿಷಿನಲ್ಲಿ. ಮಗಳು ಅಲ್ಲೇ ಓದಬೇಕೆಂದು ಕುಸುಮಾಗೆ ಆಸೆ. ಅತ್ತೆ ಮಾತ್ರ ಅದಕ್ಕೆ ಎರಡು ನಾಲಿಗೆಯ ಶಾಲೆ ಎಂದು ಹೆಸರಿಟ್ಟಿದ್ದಳು. ಮನೆಯ ಹಿತ್ತಲಿಗೆ ಅಂಟಿಕೊಂಡೇ ಸರ್ಕಾರಿ ಶಾಲೆ ಇತ್ತು. ಅಲ್ಲಾದರೆ ಬಿಡುವಿನ ಗಂಟೆ ಹೊಡೆದ ಕೂಡಲೇ ಮೊಮ್ಮಗಳು ಬೇಲಿ ನುಸುಳಿ ಅಜ್ಜಿಯ ಹತ್ತಿರ ಓಡಿಬರಬಹುದು. ವ್ಯಾನಿನಲ್ಲಿ ಹೊತ್ತುಕೊಂಡು ಹೋಗುವ ಶಾಲೆಯಿಂದ ಹಾಗೆ ಬರಲಾದೀತೇ? ಮಗು ಕಣ್ಣಳತೆಯಲ್ಲಿರಬೇಕು ಎಂದು ಬಾಯಿಬಿಟ್ಟು ಕೇಳಿಕೊಳ್ಳಲು ಅವಳಿಗೆ ಅಭಿಮಾನ ಅಡ್ಡಬಂತು. ಅದಕ್ಕೇ ಶಾಲೆಯಲ್ಲಿ ಹುಳುಕು ಹುಡುಕುವುದೆಂದು ತೀರ್ಮಾನಿಸಿದ್ದಳು. ನಾಗಾರ್ಜುನನದು ಯಾವ ತಂಟೆಯೂ ಇಲ್ಲ. ತಾಯಿ, ಹೆಂಡತಿ ಇಬ್ಬರಲ್ಲಿ ಯಾರು ಕೊನೆಗೆ ಮಾತಾಡಿದರೋ ಅವರ ಕಡೆ ಅವನು.

ಹುಳುಕು ಹುಡುಕುವುದರಲ್ಲಿ ಚನ್ನಬಸಮ್ಮನದು ಪಳಗಿದ ಕಣ್ಣು. ಮಗನಿಗೆ ಹೆಣ್ಣು ಹುಡುಕುವಾಗ ಸೋಮವಾರಪೇಟೆಯಿಂದ ಶನಿವಾರಸಂತೆಯವರೆಗೆ ಮನೆಮನೆಯ ಉಪ್ಪಿಟ್ಟು ತಿಂದು, ಕೈತೊಳೆದು, ‘ಯೋಚನೆ ಮಾಡಿ ತಿಳಿಸ್ತೀವಿ’ ಎಂದು ಎದ್ದುಬಂದವಳು. ಇವತ್ತೂ ಆಗಿನ ರೇಷ್ಮೆ ಸೀರೆಯನ್ನೇ ಉಟ್ಟಿದ್ದಳು. ದಾರಿಯುದ್ದಕ್ಕೂ ಎಲ್ಲರಿಗೂ ತಾಕೀತು ಮಾಡಿದಳು: ಉಪ್ಪಿಟ್ಟು, ಕಾಫಿ ಕೊಟ್ಟರೆ ತಗೊಳ್ಳಬಹುದು, ಊಟಕ್ಕೆ ಮಾತ್ರ ಯಾರೂ ಕೂರಕೂಡದು. ಒಪ್ಪಿಗೆಯಾಗುವ ಮೊದಲೇ ಅಲ್ಲಿನ ಅನ್ನ ಉಂಡರೆ ಮಾತು ಕೊಟ್ಟ ಹಾಗೆ.

ಶಾಲೆಯಲ್ಲಿ ಊಟ ಹಾಗಿರಲಿ, ನೀರು ಬೇಕಾದರೆ ಮೂಲೆಯಲ್ಲಿ ಫಿಲ್ಟರ್ ಇದೆ ಎಂದರು. ಮುಖ್ಯೋಪಾಧ್ಯಾಯಿನಿ ಅನುಪಮಾ, ಕುಸುಮಾಳಿಗಿಂತ ಚಿಕ್ಕ ಪ್ರಾಯದವಳು, ಕುರ್ಚಿ ತೋರಿಸಿದಳು. ಚನ್ನಬಸಮ್ಮ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಶುರುಮಾಡಿದಳು. ತುಳಸಿಗೆ ಬೋರ್ಡಿನವರೆಗೆ ನಡೆದು ಬಾ ಎಂದಳು. ಮಣಿ ಕೊಟ್ಟು ಪೋಣಿಸು ಎಂದಳು. ಹಾಡು ಹೇಳು ಎಂದಳು. ತೋಟದ ಕೆಲಸಕ್ಕೆ ಬರುವ ಹೆಂಗಸರಿಂದ ಕಲಿತ ತಮಿಳು ಹಾಡೊಂದನ್ನು ಹುಡುಗಿ ಕೈತಿರುವಿ ಹಾಡಿದಳು. ಎರಡು ಭಾಷೆಯ ಶಾಲೆಗೆ ಮೂರನೆಯದೂ ಬಂದುಬಿಟ್ಟಿತು. ಆಮೇಲೆ ದೊಡ್ಡವರ ಸರದಿ. ತಾಯಿ ಎಷ್ಟು ಓದಿದ್ದಾಳೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಹುಡುಗಿಗೆ ಸಿಟ್ಟು ಬೇಗ ಬರುತ್ತದೆಯೇ, ಹೇಳಿದ ಮಾತು ಕೇಳುತ್ತಾಳೆಯೇ. ಇವೆಲ್ಲ ಹೆಣ್ಣು ನೋಡುವಾಗ ಚನ್ನಬಸಮ್ಮ ಕೇಳುತ್ತಿದ್ದ ಪ್ರಶ್ನೆಗಳೇ. ಗಂಡಿನ ಕಡೆಯವರೆಂದು ಬೀಗುತ್ತಾ ಬಂದವರು ಇಲ್ಲಿ ಹೆಣ್ಣಿನ ಕಡೆಯವರಾಗಿ ಕೂತಿದ್ದರು.

“ಅಜ್ಜಿ, ನೀವು ಎಷ್ಟನೇ ಕ್ಲಾಸು ಓದಿದ್ದೀರಿ?”

“ನಾಕು,” ಎಂದಳು. ಹುಡುಗಿಯಾಗಿದ್ದಾಗ ತನ್ನನ್ನು ನೋಡಲು ಬಂದವರ ಮುಂದೆ ಮಾಡಿದ್ದ ಹಾಗೆಯೇ, ಅರಿವಿಲ್ಲದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು.

ಅನುಪಮಾ ಎದ್ದು ಕೈಮುಗಿದಳು. “ಸರಿ. ಯೋಚನೆ ಮಾಡಿ ತಿಳಿಸ್ತೀವಿ.”

ಜೀಪು ಪೇಟೆ ದಾಟಿದ್ದೇ ಚನ್ನಬಸಮ್ಮ ಬೈಯಲು ಶುರುಮಾಡಿದಳು. ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. “ಯೋಚ್ನೆ ಮಾಡಕ್ಕೆ ಇವಳ್ಯಾವಳು? ನಮ್ಮ ಹುಡ್ಗೀಗೇನು ಕಮ್ಮಿ? ಕಾಲು ಕುಂಟಾ, ಕಣ್ಣು ಮೆಳ್ಳಾ? ಮೇಲಿಂದ ಉದುರಿ ಬಿದ್ದೋಳ ಹಂಗೆ ಆಡ್ತಾಳೆ, ಮಾರಿ.” ಬೇಡವೆನ್ನಲು ಹೋದವಳ ಕೈಯಿಂದ ಬೇಡವೆನ್ನುವ ಹಕ್ಕನ್ನೇ ಆಕೆ ಕಿತ್ತುಕೊಂಡಿದ್ದಳು. ಅದನ್ನು ಹೇಗೆ ಸಹಿಸುವುದು? ಈಗ ಮೊಮ್ಮಗಳು ಸೇರಿದರೆ ಆ ಶಾಲೆಗೇ ಸೇರಬೇಕು. ನಾಗಾರ್ಜುನ ಹೂಂ ಎಂದ. ಕೊನೆಗೆ ಮಾತಾಡಿದವಳು ತಾಯಿಯೇ ಆಗಿದ್ದಳು.

ಅಂದಿನಿಂದ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಕಣ್ಣೆದುರೇ ಇರತೊಡಗಿತು. ಅದು ಹೊಡೆದುಕೊಂಡಾಗಲೆಲ್ಲ, ಒಂದೇ ಸಲಕ್ಕೆ ಎತ್ತಬೇಡ, ಕಾದು ಕೂತಿದ್ದಾರೆ ಅಂದುಕೊಳ್ಳುತ್ತಾರೆ ಎಂದು ಸೊಸೆಯನ್ನು ತಡೆಯುತ್ತಿದ್ದಳು. ನೋಡಿದರೆ ಬಿತ್ತನೆ ಶುಂಠಿ ಕೇಳುವವರು, ಇಲ್ಲವೇ ಗ್ಯಾಸಿನವರು. ಪಕ್ಕದ ಮನೆಯ ಸಿದ್ದಮ್ಮ ತನ್ನ ಮೊಮ್ಮಗನಿಗೆ ಅದೇ ಶಾಲೆಯಿಂದ ಕರೆ ಬಂತೆಂದು ಸಕ್ಕರೆ ಹಂಚಿಹೋದ ದಿನ ಚನ್ನಬಸಮ್ಮ ಅಕ್ಕಿರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಕುಸುಮಾ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಳು.

“ಕುಸುಮಾ, ನಿನ್ನ ನೋಡ್ಕೊಂಡು ಬಂದ್ಮೇಲೆ ನಾವೂ ವಸಿ ತಡ ಮಾಡಿದ್ವಿ ಅಲ್ವಾ?”

“ಮೆಣಸು ಕೊಯ್ಲು ಮುಗೀಲಿ ಅಂದಿದ್ರಿ ಅತ್ತೆ. ಕೊಯ್ದು, ಒಣಗಿಸಿ, ಮಾರಿ ಆದ್ಮೇಲೆ ತಿಳಿಸಿದ್ರಿ.”

“ನಿಮ್ಮಪ್ಪ ಬೈಕಂಡಿರಬೇಕು.”

“ಅಪ್ಪ ಬೈಲಿಲ್ಲ. ನಾನು ಬೈದಿದ್ದೆ.”

“ಏನಂತ?”

ಕುಸುಮಾ ತಲೆಯೆತ್ತದೆ ರವೆ ತಿರುವಿದಳು. “ಅವತ್ತು ಜೀಪಲ್ಲಿ ಆ ಮೇಡಮ್ಮಿಗೆ ನೀವು ಬೈದ್ರಲ್ಲ, ಅದನ್ನೇ. ಒಂದಕ್ಷರ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಅಷ್ಟರಲ್ಲಿ ಕಟ್ಟೆಯ ಮೇಲಿನ ಫೋನು ಹೊಡೆದುಕೊಂಡಿತು. ಶಾಲೆಯ ಹೆಸರು ಕಾಣಿಸಿತು. ಎತ್ತಬೇಡ ಎಂದು ಈ ಸಲ ಮುದುಕಿ ಹೇಳಲಿಲ್ಲ. ತಾನೇ ಎತ್ತಿಕೊಂಡಳು. ಎತ್ತುವ ಮೊದಲು ಸೆರಗನ್ನು ಮಾತ್ರ ತಲೆಯ ಮೇಲೆ ಎಳೆದುಕೊಂಡಳು.