ಲಾರಿಯ ಬಾಲ

"ಬರ್ಲಿ... ಬರ್ಲಿ... ಬಾಲ ಇನ್ನೂ ಬರ್ಲಿ," ಎಂದು ಹಿಂದಿನಿಂದ ಕೂಗು ಕೇಳುತ್ತಿತ್ತು. ಡ್ರೈವರ್ ಕೊಟ್ರಪ್ಪ ಕಲ್ಲು ತುಂಬಿದ ಲಾರಿಯನ್ನು ತ್ಯಾವಣಿಗೆಯ ನೀರಿನ ಚಾನಲ್ಲಿನ ಏರಿಯ ಮೇಲೆ ರಿವರ್ಸ್ ತೆಗೆದುಕೊಳ್ಳುತ್ತಿದ್ದ. ಕನ್ನಡಿ ಒಡೆದು ವರ್ಷವಾಗಿತ್ತು. ಅವನಿಗದು ಬೇಕೂ ಇರಲಿಲ್ಲ. ಹಿಂದೆ ನಿಂತ ಕ್ಲೀನರ್ ಲಾರಿಯ ಬಾಡಿಯ ಮೇಲೆ ಒಂದು ಪೆಟ್ಟು ಬಡಿದರೆ ನಿಲ್ಲಬೇಕು, ಎರಡು ಬಡಿದರೆ ಬರಬೇಕು. ಎಲ್ಲ ಲಾರಿಗಳೂ ನಡೆಯುತ್ತಿದ್ದುದೇ ಹಾಗೆ.

ಅಷ್ಟರಲ್ಲಿ ಕ್ಲೀನರ್ ಮಾರಪ್ಪ ಬಾನೆಟ್ಟಿನ ಮುಂದೆ ಕಾಣಿಸಿದ. ರೇಡಿಯೇಟರಿಗೆ ನೀರು ತರಲು ಹೋದವನು ಮಟಮಟ ಮಧ್ಯಾಹ್ನದಲ್ಲಿ ಡಬ್ಬ ಹಿಡಿದು ಓಡಿ ಬರುತ್ತಿದ್ದ. "ನಿಲ್ಸ್ರಿ ಅಣ್ಣ. ನಾನು ಇಲ್ದೆ ಯಾಕೆ ಹಿಂದಕ್ಕೆ ತಗಂಡ್ರಿ? ಗಾಲಿ ಅಂಚಿಗೆ ಬಂದೈತೆ."

ಕೊಟ್ರಪ್ಪ ಬ್ರೇಕ್ ತುಳಿದ. "ಹಿಂದೆ ಯಾರು ಅದಾರೆ, ನೋಡು."

ಮಾರಪ್ಪ ಹೋಗಿ ನೋಡಿಕೊಂಡು ಬಂದ. "ಯಾರೂ ಇಲ್ಲ. ಬರೀ ನೀರೈತೆ."

ಲಾರಿಯ ಹಿಂದಿನ ಹಲಗೆಗೆ ಆ ಕಡೆಯವರೆಲ್ಲ ಡೋರು ಅನ್ನುತ್ತಿದ್ದರು. ಬಾಲ ಅನ್ನುತ್ತಿದ್ದವನು ಹಳೆಯ ಕ್ಲೀನರ್ ತಿಪ್ಪೇಶಿ ಒಬ್ಬನೇ. ಎಪ್ಪತ್ತೆಂಟರ ಬೇಸಿಗೆಯಲ್ಲಿ, ಇದೇ ಏರಿಯ ಮೇಲೆ, ಅವನ ಕೂಗು ನಿಂತದ್ದು ತಿಳಿಯದೆ ಕೊಟ್ರಪ್ಪ ಹಿಂದಕ್ಕೆ ಬರುತ್ತಲೇ ಇದ್ದ. ತಿಪ್ಪೇಶಿಯ ಹೆಣ ಸಿಕ್ಕಿದ್ದು ಚಾನಲ್ಲಿನ ನೀರಿನಲ್ಲಿ, ಎರಡು ಮೈಲಿ ಕೆಳಗೆ.

ಕೊಟ್ರಪ್ಪ ಎಂಜಿನ್ ಆರಿಸಿ ಕಿವಿಗೊಟ್ಟ. ಮಾರಪ್ಪ ಎರಡೂ ಕೈಯಲ್ಲಿ ಡಬ್ಬ ಹಿಡಿದು ಅವನ ಎದುರಿಗೇ ನಿಂತಿದ್ದ.

ಹಿಂದೆ, ಬಾಡಿಯ ಮೇಲೆ, ಎರಡು ಪೆಟ್ಟು ಬಿತ್ತು.